ಕೇಸ್‌ಶೀಟಿನಲ್ಲಿ ನೋಡಿಕೊಳ್ಳುವವರ ಹೆಸರೂ ಇರಲಿ: ಆಸ್ಪತ್ರೆಗಳ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳ ಮುಖ್ಯಸ್ಥರಿಗೆ,
ಮೂರೂ ಜಿಲ್ಲೆಗಳ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,

ವಿಷಯ: ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವ ಕುಟುಂಬದವರಿಗೆ ಆಸ್ಪತ್ರೆಗಳು ಕೊಡಬೇಕಾದ ನೆರವಿನ ಕುರಿತು

ಮಾನ್ಯರೇ,

ನಾನು ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮ ಮಾವನವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದಾಗ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅವರ ಜೊತೆಗಿದ್ದವಳು ನಾನು. ಈಗ ಮನೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿರುವವಳೂ ನಾನೇ. ಆ ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಾರ್ಡಿನಲ್ಲಿ, ಔಷಧಿ ಅಂಗಡಿಯ ಸಾಲಿನಲ್ಲಿ, ಊರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸರು ಬೇರೆ ಬೇರೆ ಆಸ್ಪತ್ರೆಗಳ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಹಾಗಾಗಿ ಒಂದು ಆಸ್ಪತ್ರೆಯ ಮೇಲೆ ದೂರು ಕೊಟ್ಟು ಮುಗಿಸುವ ಮಾತಲ್ಲ ಇದು, ನಿಮ್ಮೆಲ್ಲರ ಮುಂದೆಯೂ ಇಡಬೇಕಾದದ್ದು.

ಮಾವನವರ ಜೀವ ಉಳಿಸಿದವರು ವೈದ್ಯರು ಮತ್ತು ಸಿಸ್ಟರ್‌ಗಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬೊಬ್ಬ ಸಿಸ್ಟರ್ ಒಂದು ರಾತ್ರಿಯಲ್ಲಿ ಎಷ್ಟು ಮಂಚಗಳ ನಡುವೆ ಓಡಾಡುತ್ತಾರೆ ಎಂಬುದು ಮಂಚದ ಪಕ್ಕ ಕೌದಿ ಹಾಸಿಕೊಂಡು ಕೂತ ನಮಗೆ ಚೆನ್ನಾಗಿ ಗೊತ್ತು. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 1957ರಿಂದ ಈ ಭಾಗಕ್ಕೆಲ್ಲ ಆಸರೆಯಾಗಿದೆ. ಬಾಗಲಕೋಟೆ, ಕೊಪ್ಪಳ, ಉತ್ತರ ಕನ್ನಡದಿಂದಲೂ ಜನ ಅಲ್ಲಿಗೇ ಬರುತ್ತಾರೆ. ಈಗ ಗದಗ, ಹಾವೇರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಾಗಿವೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯೊಳಗಿನ ಚಿಕಿತ್ಸೆ ನಮ್ಮ ಅಪ್ಪ-ಅಮ್ಮಂದಿರ ಕಾಲಕ್ಕಿಂತ ಎಷ್ಟೋ ಸುಧಾರಿಸಿದೆ. ಆದರೆ ಗೇಟು ದಾಟಿದ ಮೇಲೆ ರೋಗಿ ಯಾರ ಕೈಗೆ ಹೋಗುತ್ತಾರೆ, ಆ ಕೈಗೆ ಏನು ಗೊತ್ತಿದೆ ಎಂದು ವಿಚಾರಿಸುವ ಒಬ್ಬರನ್ನೂ ನಾನು ಕಾಣಲಿಲ್ಲ.

ವಾರ್ಡಿನಲ್ಲಿ ಬೆಳಗಿನಿಂದ ರಾತ್ರಿವರೆಗೆ ಕೇಳಿಬರುವ ಕೂಗು ಒಂದೇ: "ಪೇಷಂಟ್ ಕಡೇರು ಯಾರ್ರೀ?" ರಕ್ತದ ಬಾಟಲಿಯನ್ನು ಲ್ಯಾಬಿಗೆ ಒಯ್ಯಲು, ಚೀಟಿ ಹಿಡಿದು ಔಷಧಿ ತರಲು, ಸ್ಟ್ರೆಚರ್ ತಳ್ಳಲು, ಸ್ಕ್ಯಾನಿಂಗಿಗೆ ಸರದಿ ಹಚ್ಚಲು, ಯೂರಿನ್ ಬ್ಯಾಗ್ ಖಾಲಿ ಮಾಡಲು, ರಾತ್ರಿ ಸಲೈನ್ ಮುಗಿಯುವ ಹೊತ್ತಿಗೆ ಎಚ್ಚರಿದ್ದು ಸಿಸ್ಟರನ್ನು ಕರೆಯಲು ನಾವು ಬೇಕು. ಇಷ್ಟೆಲ್ಲ ಮಾಡುವವರನ್ನು ದೊಡ್ಡ ಡಾಕ್ಟರು ಬರುವ ಹೊತ್ತಿಗೆ ಮಾತ್ರ ಹೊರಗೆ ಕಳಿಸುತ್ತಾರೆ. "ರೌಂಡ್ಸ್ ಟೈಮ್ ಐತಿ, ಎಲ್ಲಾರೂ ಹೊರಗ ನಡೀರಿ."

ಇದರಿಂದ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಮಾವನವರಿಗೆ ಚಮಚದಲ್ಲಿ ನೀರು ಕುಡಿಸಿದಾಗಲೆಲ್ಲ ಕೆಮ್ಮು ಬರುತ್ತಿತ್ತು, ಗಂಟಲಲ್ಲಿ ಗೊರಗೊರ ಸದ್ದಾಗುತ್ತಿತ್ತು. ಮಾತು ನಿಂತ ಮನುಷ್ಯ ತಾನಾಗಿ ಹೇಳುವಂತಿಲ್ಲ. ಅದನ್ನು ನೋಡಿದವಳು ನಾನು, ಡಾಕ್ಟರು ಬಂದಾಗ ನಾನು ಕಾರಿಡಾರಿನ ಬಾಗಿಲಾಚೆ. ಪಾಳಿ ಬದಲಾಗುವ ಗಡಿಬಿಡಿಯಲ್ಲಿ ಸಿಸ್ಟರಿಗೆ ಹೇಳಿದ ಮಾತು ಡಾಕ್ಟರವರೆಗೆ ಮುಟ್ಟಲಿಲ್ಲ. ಜ್ವರ ಬಂದು, ಎದೆಯ ಎಕ್ಸ್‌ರೇ ತೆಗೆದು, ಶ್ವಾಸಕೋಶಕ್ಕೆ ಸೋಂಕಾಗಿದೆ ಎಂದು ಗೊತ್ತಾದ ಮೇಲೆಯೇ ಮೂಗಿನಿಂದ ಹೊಟ್ಟೆಗೆ ಊಟ ಇಳಿಸುವ ರೈಲ್ಸ್ ಟ್ಯೂಬ್ ಹಾಕಿದರು. ಲಕ್ವಾ ಆದವರಲ್ಲಿ ನುಂಗುವ ಶಕ್ತಿ ಕುಂದುವುದು ತೀರಾ ಸಾಮಾನ್ಯ, ನುಂಗಿದ್ದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ ಎಂದು ಆಮೇಲೆ ಒಬ್ಬ ಕಿರಿಯ ವೈದ್ಯರು ಸಮಾಧಾನದಿಂದ ವಿವರಿಸಿದರು. ಆ ಮಾತು ಮೊದಲ ದಿನವೇ ನನಗೆ ತಿಳಿದಿದ್ದರೆ, ಅಥವಾ ನಾನು ಕಂಡದ್ದನ್ನು ರೌಂಡ್ಸ್‌ನಲ್ಲಿ ಯಾರಾದರೂ ಕೇಳಿದ್ದರೆ, ಆ ಜ್ವರ ತಪ್ಪುತ್ತಿತ್ತೇನೋ.

ವಾರ್ಡಿನಲ್ಲಿ ಗದ್ದಲ ಆಗಬಾರದು, ಸೋಂಕು ಹರಡಬಾರದು, ಪಕ್ಕದ ಮಂಚದವರ ಮಾನ ಉಳಿಯಬೇಕು ಎಂಬುದೆಲ್ಲ ಸರಿ. ಹತ್ತು ಮಂದಿ ಸಂಬಂಧಿಕರನ್ನು ನಿಲ್ಲಿಸಿಕೊಂಡು ರೌಂಡ್ಸ್ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ತಮ್ಮ ರೋಗಿಯ ಮಂಚದ ಹತ್ತಿರ ಡಾಕ್ಟರು ಬಂದಾಗ ಒಬ್ಬರು, ಆರೈಕೆ ಮಾಡುವ ಒಬ್ಬರು, ಅಲ್ಲಿ ಇರಲಿ. ಅದೂ ಆಗದಿದ್ದರೆ ರೌಂಡ್ಸ್ ಮುಗಿದ ಮೇಲೆ ಕಿರಿಯ ವೈದ್ಯರೊಬ್ಬರು ಹೊರಗೆ ಬಂದು ಎರಡು ನಿಮಿಷ ಕೇಳಲಿ: ರಾತ್ರಿ ಹೇಗಿದ್ದರು, ಏನು ಉಂಡರು, ಏನಾದರೂ ಬದಲಾವಣೆ ಕಂಡಿತೇ.

ಇನ್ನು ಡಿಸ್ಚಾರ್ಜ್ ದಿನದ ಮಾತು. ನನ್ನ ದೂರಿನ ಮುಖ್ಯ ಭಾಗ ಇದೇ. ಬೆಳಿಗ್ಗೆ "ಇವತ್ತ ಕರ್ಕೊಂಡ್ ಹೋಗ್ರಿ" ಅಂದರು. ಮಧ್ಯಾಹ್ನದವರೆಗೆ ನನ್ನ ಗಂಡ, ಮೈದುನ ಬಿಲ್ಲು, ಕಾರ್ಡು, ಸಹಿ ಎಂದು ಕೌಂಟರಿನಿಂದ ಕೌಂಟರಿಗೆ ಅಲೆದರು. ಮಂಚಕ್ಕೆ ಮುಂದಿನ ರೋಗಿ ಬಂದು ಕಾಯುತ್ತಿದ್ದರು. ಆ ಗಡಿಬಿಡಿಯ ಕೊನೆಯಲ್ಲಿ, ಮಾವನವರನ್ನು ಸ್ಟ್ರೆಚರಿಗೆ ಹಾಕಿಯಾದ ಮೇಲೆ, ಟ್ಯೂಬಿನಲ್ಲಿ ಊಟ ಹಾಕುವುದು ಹೇಗೆ ಎಂದು ಕೈಸನ್ನೆಯಲ್ಲಿ ತೋರಿಸಿದರು. ಗಂಜಿ ಎಷ್ಟು ತೆಳ್ಳಗಿರಬೇಕು, ಎಷ್ಟು ಹೊತ್ತಿಗೊಮ್ಮೆ ಹಾಕಬೇಕು, ತಲೆ ಎಷ್ಟು ಎತ್ತರದಲ್ಲಿರಬೇಕು, ಹಾಕಿದ ಮೇಲೆ ಕೂಡಲೇ ಮಲಗಿಸಬಾರದು ಎಂಬ ಯಾವುದನ್ನೂ ಹೇಳಲಿಲ್ಲ. ಯೂರಿನ್ ಬ್ಯಾಗನ್ನು ಮೂತ್ರಕೋಶಕ್ಕಿಂತ ಕೆಳಗೇ ಇಡಬೇಕು, ಇಲ್ಲದಿದ್ದರೆ ಹೊರಬಂದ ಮೂತ್ರ ಹಿಂದಕ್ಕೆ ಹರಿದು ಸೋಂಕಾಗಬಹುದು ಎಂಬುದನ್ನೂ ಹೇಳಲಿಲ್ಲ. ಕೈಗೆ ಕೊಟ್ಟ ಡಿಸ್ಚಾರ್ಜ್ ಕಾರ್ಡು ಇಂಗ್ಲಿಷಿನಲ್ಲಿತ್ತು. ನಾನು ಪಿಯುಸಿವರೆಗೆ ಓದಿದವಳು, ಗುಳಿಗೆಗಳ ಹೆಸರನ್ನು ಹೇಗೋ ಓದಿಕೊಂಡೆ. ನಮ್ಮ ಎದುರು ಮಂಚದ ಅಜ್ಜನನ್ನು ನೋಡಿಕೊಳ್ಳುತ್ತಿದ್ದ ಅಜ್ಜಿಗೆ ಅಕ್ಷರವೇ ಬರುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಒಂದು ರಾತ್ರಿ ಮಾವನವರು ಎಡಗೈಯಿಂದ ಟ್ಯೂಬನ್ನು ಎಳೆದು ತೆಗೆದರು. ಕಾರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಬೆಳಿಗ್ಗೆ ಹತ್ತಿರದ ಆಸ್ಪತ್ರೆಗೆ ಒಯ್ದರೆ "ಹಾಕಿದಲ್ಲೇ ಹೋಗಿ ಹಾಕಿಸ್ಕೊಂಡ್ ಬರ್ರಿ" ಎಂದರು. ಒಂದು ನಳಿಗೆ ಹಾಕಿಸಲು ಬಾಡಿಗೆ ಗಾಡಿ ಮಾಡಿಕೊಂಡು ಮತ್ತೆ ಹುಬ್ಬಳ್ಳಿಗೆ ಹೋದೆವು. ಅಷ್ಟರಲ್ಲಿ ಟೊಂಕದ ಕೆಳಗೆ ಚರ್ಮ ಕೆಂಪಾಗಿತ್ತು. ಅದು ಹಾಸಿಗೆ ಹುಣ್ಣಿನ ಮೊದಲ ಗುರುತು ಎಂದು, ಎರಡೆರಡು ತಾಸಿಗೆ ಮಗ್ಗುಲು ಬದಲಿಸಬೇಕು ಎಂದು ಡಿಸ್ಚಾರ್ಜ್ ಮಾಡುವಾಗ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಹುಣ್ಣು ಒಣಗಿಸಲು ಖರ್ಚಾದ ಹಣದಲ್ಲಿ ಒಂದು ಒಳ್ಳೆಯ ಏರ್ ಬೆಡ್ ಬರುತ್ತಿತ್ತು. ಮಾವನವರು ಪಟ್ಟ ನೋವಿಗಂತೂ ಲೆಕ್ಕ ಹಾಕಲಾಗದು.

ಇದರ ನಡುವೆಯೂ ಒಬ್ಬ ಸಿಸ್ಟರನ್ನು ನಾನು ಮರೆಯುವುದಿಲ್ಲ. ರಾತ್ರಿ ಪಾಳಿಯಲ್ಲಿ ವಾರ್ಡು ಸ್ವಲ್ಪ ಶಾಂತವಾದಾಗ ಅವರೇ ಬಂದು, ಬೆಡ್‌ಶೀಟನ್ನು ಮಡಚಿ ರೋಗಿಯ ಬೆನ್ನಿನಡಿ ಅಡ್ಡಲಾಗಿ ಹಾಸಿ, ಇಬ್ಬರು ಎರಡು ಬದಿ ಹಿಡಿದು ಎತ್ತಿ ಮೇಲಕ್ಕೆ ಸರಿಸುವುದನ್ನು ಕಲಿಸಿದರು. ನನ್ನ ಕೈಯಿಂದಲೇ ಮಾಡಿಸಿ ನೋಡಿದರು. "ಟೊಂಕಾ ಬಗ್ಗಿಸಬ್ಯಾಡ್ರಿ, ಮೊಣಕಾಲು ಮಡಚ್ರಿ, ಇಲ್ಲಂದ್ರ ನೀವೂ ಮಂಚಾ ಹಿಡೀತೀರಿ" ಎಂದರು. ಆಸ್ಪತ್ರೆಯಲ್ಲಿ ನನ್ನ ಮೈ ಬಗ್ಗೆ ಯೋಚಿಸಿದ ಒಂದೇ ಮಾತು ಅದು. ಇವತ್ತಿಗೂ ಮಾವನವರನ್ನು ಹಾಗೆಯೇ ಸರಿಸುತ್ತೇನೆ. ಹಗಲಿನ ಪಾಳಿಯಾಗಿದ್ದರೆ ಅವರಿಗೂ ಅಷ್ಟು ಪುರುಸೊತ್ತು ಸಿಗುತ್ತಿರಲಿಲ್ಲ. ಇಂಥದ್ದು ಒಬ್ಬರ ಒಳ್ಳೆಯತನಕ್ಕೆ, ಒಂದು ರಾತ್ರಿಯ ಬಿಡುವಿಗೆ ಬಿಟ್ಟ ವಿಷಯವಾಗಬಾರದು. ಕಲಿಸುವುದೂ ಚಿಕಿತ್ಸೆಯ ಕೆಲಸ ಎಂದು ಡ್ಯೂಟಿಯಲ್ಲೇ ಬರೆದು, ಅದಕ್ಕೆ ಸಮಯ ಮತ್ತು ಮಂದಿ ಎರಡನ್ನೂ ಕೊಡಬೇಕಾದವರು ನೀವು.

ನನ್ನ ಮೊದಲ ಬೇಡಿಕೆ ಇಲ್ಲಿಂದ ಹುಟ್ಟುತ್ತದೆ. ರೋಗಿಯನ್ನು ದಾಖಲು ಮಾಡಿಕೊಳ್ಳುವಾಗಲೇ, ಮನೆಯಲ್ಲಿ ಇವರನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ ಆ ಹೆಸರನ್ನೂ ಫೋನ್ ನಂಬರನ್ನೂ ಕೇಸ್‌ಶೀಟಿನಲ್ಲಿ ಬರೆದುಕೊಳ್ಳಿ. ಈಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಗಂಡಸಿನ ಹೆಸರು ಇರುತ್ತದೆ, ಬಿಲ್ಲು ಕಟ್ಟಿದವರ ನಂಬರು ಇರುತ್ತದೆ. ನಮ್ಮ ಮನೆಯಲ್ಲಿ ಅದು ನನ್ನ ಮೈದುನ. ಅವನು ದುಡಿಯುವುದು ಬೆಂಗಳೂರಿನಲ್ಲಿ. ಉಣಿಸುವ, ತೊಳೆಯುವ, ಗುಳಿಗೆ ಕೊಡುವ ನನ್ನ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಅಮೆರಿಕದ ಓಕ್ಲಹೋಮ ರಾಜ್ಯದಲ್ಲಿ 2014ರಲ್ಲಿ ಇದಕ್ಕೆಂದೇ 'ಕೇರ್ ಆ್ಯಕ್ಟ್' ಎಂಬ ಕಾನೂನು ಬಂತು. ಆರೈಕೆ ಮಾಡುವವರ ಹೆಸರನ್ನು ಆಸ್ಪತ್ರೆ ಬರೆದುಕೊಳ್ಳಬೇಕು, ಮನೆಗೆ ಕಳಿಸುವ ಮೊದಲು ಅವರಿಗೆ ತಿಳಿಸಬೇಕು, ಮನೆಯಲ್ಲಿ ಮಾಡಬೇಕಾದ ಕೆಲಸಗಳನ್ನು ಕಲಿಸಬೇಕು ಎಂಬುದು ಅದರ ತಿರುಳು. ಆಮೇಲೆ ಅಲ್ಲಿನ ಬಹುತೇಕ ರಾಜ್ಯಗಳು ಅಂಥ ಕಾನೂನನ್ನು ಮಾಡಿಕೊಂಡವು. ಮೂರರಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ.

ಹೊರದೇಶದ ಮಾತು ಬೇಡವೆಂದರೆ ನಮ್ಮ ದೇಶದ್ದೇ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಮನೆಯವರನ್ನು ಅಲ್ಲೇ ಉಳಿಸಿಕೊಂಡರು. ಕಾಯಿಲೆ ಎಂದರೇನು, ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಅವರನ್ನು ಕೂರಿಸಿಕೊಂಡು ಹೇಳಿದರು. ಕುಟುಂಬವನ್ನು ಚಿಕಿತ್ಸೆಯ ಒಳಗೆ ತಂದದ್ದರಿಂದ ರೋಗಿಗಳು ಬೇಗ ಮನೆ ಸೇರುವುದು ಸಾಧ್ಯವಾಯಿತು. ನಮ್ಮ ರಾಜ್ಯದ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ 'ಕೇರ್ ಕಂಪ್ಯಾನಿಯನ್' ಎಂಬ ಕಾರ್ಯಕ್ರಮದಡಿ ಸಿಸ್ಟರ್‌ಗಳು ವಾರ್ಡಿನಲ್ಲೇ ಮನೆಯವರನ್ನು ಕೂಡಿಸಿಕೊಂಡು ಬಾಣಂತಿ, ಕೂಸಿನ ಆರೈಕೆ ಹೇಳಿಕೊಡುತ್ತಾರೆ. ಬಾಣಂತಿಯ ಮನೆಯವರಿಗೆ ಕಲಿಸಬಹುದಾದರೆ ಲಕ್ವಾ ಆದವರ, ಡಯಾಲಿಸಿಸ್ ಆಗುವವರ, ಕ್ಯಾನ್ಸರ್ ಇರುವವರ ಮನೆಯವರಿಗೂ ಕಲಿಸಬಹುದು. ಡಿಸ್ಚಾರ್ಜಿಗೆ ಎರಡು ಮೂರು ದಿನ ಮೊದಲೇ ಶುರುವಾಗಲಿ. ಬಾಯಲ್ಲಿ ಹೇಳಿ ಬಿಡುವುದು ಬೇಡ, ನಮ್ಮ ಕೈಯಿಂದ ಮಾಡಿಸಿ ನೋಡಲಿ. ಹೊರಡುವಾಗ ದೊಡ್ಡ ಅಕ್ಷರದ ಕನ್ನಡದಲ್ಲಿ, ಓದಲು ಬಾರದವರಿಗೂ ತಿಳಿಯುವಂತೆ ಸೂರ್ಯ-ಚಂದ್ರನ ಚಿತ್ರ ಹಾಕಿ, ಯಾವ ಗುಳಿಗೆ ಯಾವಾಗ, ಯಾವ ಲಕ್ಷಣ ಕಂಡರೆ ತಡ ಮಾಡದೆ ಬರಬೇಕು ಎಂಬ ಒಂದು ಹಾಳೆ ಕೊಡಲಿ.

ಎರಡನೆಯದು ಫೋನು. ಮನೆಗೆ ಹೋದ ಮೇಲಿನ ಮೊದಲ ವಾರವೇ ಕಷ್ಟದ್ದು. ಆ ವಾರದಲ್ಲಿ ಆಸ್ಪತ್ರೆಯಿಂದ ಒಂದು ಕರೆ ಬರಲಿ, ನಾವು ಮಾಡಿದ ಕರೆಯನ್ನು ಎತ್ತುವವರೂ ಇರಲಿ. ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ, ತಾನಾಗಿ ಮಾತಾಡಲಾಗದ ರೋಗಿಯ ಪರವಾಗಿ ಆರೈಕೆ ಮಾಡುವವರೇ ವೈದ್ಯರೊಡನೆ ಸಮಾಲೋಚಿಸಲು ಅವಕಾಶವಿದೆ. ಫೋನಿನಲ್ಲೇ ವೈದ್ಯರ ಸಲಹೆ ಸಿಗುವ ಸರ್ಕಾರದ ಇ-ಸಂಜೀವಿನಿ ಇದೆ. ಹಾಗಿದ್ದ ಮೇಲೆ ಬಿಪಿ ಗುಳಿಗೆ ಹೆಚ್ಚುಕಡಿಮೆ ಮಾಡಿಸಲು ಎದ್ದು ಕೂರಲಾಗದ ಮನುಷ್ಯನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹುಬ್ಬಳ್ಳಿಗೆ ಏಕೆ ಬರಬೇಕು? ಡಿಸ್ಚಾರ್ಜ್ ಆದ ದಿನವೇ ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಆಶಾ ಕಾರ್ಯಕರ್ತೆಗೆ ಒಂದು ಮಾಹಿತಿ ಹೋದರೆ, ಇಂಥವರ ಮನೆಯಲ್ಲಿ ಮೂಗಿನ ನಳಿಗೆ ಇರುವ ರೋಗಿ ಇದ್ದಾರೆ ಎಂದು ಅವರಿಗೂ ಗೊತ್ತಿರುತ್ತದೆ. ಟ್ಯೂಬ್ ಬದಲಿಸುವುದು, ಹುಣ್ಣಿಗೆ ಡ್ರೆಸಿಂಗ್ ಮಾಡುವುದು ಸ್ಥಳೀಯವಾಗಿ ಆಗುವಂತೆ ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ದಯವಿಟ್ಟು ಆದೇಶಿಸಬೇಕು.

ಆಸ್ಪತ್ರೆಯೊಳಗೆ ನಮಗೆ ಬೇಕಾದ ಸೌಕರ್ಯದ ಬಗ್ಗೆ ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಲೇಬೇಕು. ಗಂಡಸರ ವಾರ್ಡಿನಲ್ಲಿ ಮಾವನನ್ನು ನೋಡಿಕೊಳ್ಳುವ ಸೊಸೆ ಎಲ್ಲಿ ಮಲಗಬೇಕು, ಎಲ್ಲಿ ಸೀರೆ ಬದಲಿಸಬೇಕು, ಮುಟ್ಟಿನ ದಿನಗಳಲ್ಲಿ ಏನು ಮಾಡಬೇಕು? ಸ್ನಾನಕ್ಕೆ ಒಂದು ಬಾಗಿಲು ಗಟ್ಟಿಯಿರುವ ಕೋಣೆ, ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯ, ಚೀಲ ಇಟ್ಟು ಬೀಗ ಹಾಕಲು ಒಂದು ಗೂಡು, ನಾಲ್ಕು ತಾಸು ಭಯವಿಲ್ಲದೆ ಕಣ್ಣು ಮುಚ್ಚಲು ಒಂದು ಜಾಗ: ನಾವು ಕೇಳುವುದು ಇಷ್ಟೇ. ಊಟಕ್ಕೆ ಹೇಗೋ ದಾರಿಯಾಗುತ್ತದೆ. ಹುಬ್ಬಳ್ಳಿಯಲ್ಲಿ ಸಿದ್ಧಾರೂಢ ಮಠದ ದಾಸೋಹ ಯಾರ ಊರು, ಜಾತಿ ಕೇಳುವುದಿಲ್ಲ. ಆದರೆ ಮಠಕ್ಕೆ ಹೋಗಿ ಉಂಡು ಬರುವಷ್ಟು ಹೊತ್ತು ರೋಗಿಯನ್ನು ಬಿಟ್ಟು ಹೋಗಲು ನಮಗೆ ಧೈರ್ಯ ಸಾಲುವುದಿಲ್ಲ. ಒಂದು ತಾಸು ನೋಡಿಕೊಳ್ಳುವ ಒಬ್ಬ ಸ್ವಯಂಸೇವಕರು ವಾರ್ಡಿನಲ್ಲಿದ್ದರೆ ಅದು ದೊಡ್ಡ ಉಪಕಾರ.

ಮನೆಯ ಕಷ್ಟವನ್ನೂ ಹೇಳಬೇಕು. ನಮ್ಮ ಕಡೆ ಸೊಸೆ ಮಾವನ ಮುಂದೆ ತಲೆ ಮೇಲಿನ ಸೆರಗು ಜಾರದಂತೆ ಇರುತ್ತಾಳೆ. ಅಂಥ ಮಾವನ ಮೈ ಒರೆಸುವುದು, ಡಯಾಪರ್ ಬದಲಿಸುವುದು ಈಗ ನನ್ನ ಕೆಲಸ. ನನಗಿಂತ ಅವರಿಗೇ ಹೆಚ್ಚು ಸಂಕಟ. ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತಾರೆ, ಕಣ್ಣಲ್ಲಿ ನೀರು ಬರುತ್ತದೆ. ಆಸ್ಪತ್ರೆಯಲ್ಲಿ ಯಾರಾದರೂ ಮಕ್ಕಳಿಬ್ಬರನ್ನೂ ನನ್ನನ್ನೂ ಕೂರಿಸಿ, ಈ ಕೆಲಸ ಯಾರು ಮಾಡುತ್ತೀರಿ, ಗಂಡುಮಕ್ಕಳೂ ಕಲಿಯಿರಿ ಎಂದು ಹೇಳಿದ್ದರೆ ನಮ್ಮ ಮನೆಯ ಕತೆ ಬೇರೆ ಇರುತ್ತಿತ್ತು. ಡಾಕ್ಟರ ಮಾತಿಗೆ ಮನೆಯಲ್ಲಿರುವ ತೂಕ ಸೊಸೆಯ ಮಾತಿಗೆ ಇಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷವನ್ನು ಅದಕ್ಕೇ ಕೊಡುತ್ತಾರೆ, ಗಂಡಸರು 76 ನಿಮಿಷ. ಮಕ್ಕಳ ಆರೈಕೆಯೂ ಸೇರಿದ ಲೆಕ್ಕ ಅದು. ಹಾಸಿಗೆ ಹಿಡಿದವರಿರುವ ಮನೆಯಲ್ಲಿ 134 ನಿಮಿಷ ಎಂದರೆ ಬೆಳಗಿನ ಮೈ ಒರೆಸಿ, ಗಂಜಿ ಹಾಕುವ ಹೊತ್ತಿಗೇ ಮುಗಿದುಹೋಗುತ್ತದೆ.

ಅದಕ್ಕೆ ಬೆಲೆಯೂ ಇದೆ. ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ, ಗದಗಿನ ಕಡೆ ಹೆಸರು ಕೀಳುವ ಕಾಲಕ್ಕೆ ಕೂಲಿಗೆ ಹೋಗುವ ಹೆಂಗಸು ಮನೆಯಲ್ಲೇ ಉಳಿದರೆ ಆ ವರ್ಷದ ಆದಾಯ ಹೋದಂತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತನ್ನು ಒಳಗೊಂಡಿದೆ. ಕೇರಳ 'ಆಶ್ವಾಸಕಿರಣಂ' ಯೋಜನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ನಿಗದಿ ಮಾಡಿದೆ. ನಮ್ಮ ರಾಜ್ಯ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಆ ಘೋಷಣೆಯಲ್ಲಿ ಲಕ್ವಾ ಇರಲಿಲ್ಲ. ಅದನ್ನು ಸೇರಿಸುವುದು ಸರ್ಕಾರದ ಕೆಲಸ, ಒಪ್ಪುತ್ತೇನೆ. ಆದರೆ ಇಂಥ ಯೋಜನೆ ಇದೆ, ಅರ್ಜಿ ಇಲ್ಲಿ ಕೊಡಬೇಕು ಎಂದು ಅರ್ಹರಿಗೆ ಹೇಳುವ ಒಂದು ಮೇಜು ಆಸ್ಪತ್ರೆಯಲ್ಲೇ ಇರಬಹುದಲ್ಲವೇ?

ನೋಡಿಕೊಳ್ಳುವವರ ಆರೋಗ್ಯದ ಬಗ್ಗೆ ಒಂದು ಮಾತು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಮಗನನ್ನು ತೋರಿಸಲು ಹೋಗುವ ಒಬ್ಬ ತಾಯಿ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದರು. ಮಗನಿಗೆ ನಿದ್ದೆಗೆ ಗುಳಿಗೆ ಇದೆ, ತಾವು ಮಾತ್ರ ಸರಿಯಾಗಿ ನಿದ್ದೆ ಮಾಡಿ ವರ್ಷಗಳಾದವು ಅಂದರು. ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರು ಬರೆದುಕೊಟ್ಟೆ. ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು ಎಂಬುದು ಅವರಿಗೆ ತಿಳಿದಿರಲಿಲ್ಲ. ಆರೈಕೆ ಮಾಡುವವರ ಮೇಲಿನ ಹೊರೆಯನ್ನು ಅಳೆಯಲು 'ಜರಿಟ್' ಎಂಬ 22 ಪ್ರಶ್ನೆಗಳ ಪಟ್ಟಿ 1980ರ ದಶಕದಿಂದ ಬಳಕೆಯಲ್ಲಿದೆಯಂತೆ. ಅಷ್ಟೂ ಬೇಡ. ರೋಗಿಯ ಬಿಪಿ ನೋಡುವಾಗ ಜೊತೆಗೆ ಬಂದವರ ಬಿಪಿಯನ್ನೂ ನೋಡಿ, "ನೀವು ಉಂಡ್ರ್ಯಾ? ನಿದ್ದಿ ಆಗತೈತಿಲ್ಲೋ?" ಎಂದು ಕೇಳಿದರೂ ಎಷ್ಟೋ ವಿಷಯ ಹೊರಬರುತ್ತದೆ. ಹಾಗೆಯೇ, ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರಿಗೆಂದು 10 ಹಾಸಿಗೆಗಳ ವಾರ್ಡಿಗೆ ಅವಕಾಶವಿದೆ. ಅದರಲ್ಲಿ ಒಂದೆರಡು ಹಾಸಿಗೆಯನ್ನು, ನೋಡಿಕೊಳ್ಳುವವರು ಜ್ವರ ಬಂದು ಮಲಗಿದಾಗ ಅಥವಾ ತವರಿನಲ್ಲಿ ಸಾವು-ನೋವು ಆದಾಗ ರೋಗಿಯನ್ನು ಮೂರು ದಿನ ಇರಿಸಿಕೊಳ್ಳಲು ಮೀಸಲಿಡಬಹುದೇ ಎಂದು ಪರಿಶೀಲಿಸಿ. ನನ್ನ ಬೇಡಿಕೆಗಳಲ್ಲಿ ಕಷ್ಟದ್ದು ಇದೇ ಎಂದು ಬಲ್ಲೆ. ಬಹಳ ಹೆಂಗಸರು ಕೇಳಿದ್ದೂ ಇದನ್ನೇ.

ಕೊನೆಯದಾಗಿ, ಸರ್ಕಾರಿ ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಗಳಲ್ಲಿ, ಮನೆಯಲ್ಲಿ ದೀರ್ಘ ಕಾಲದ ರೋಗಿಯನ್ನು ನೋಡಿಕೊಳ್ಳುತ್ತಿರುವ ಒಬ್ಬರಿಗಾದರೂ ಕೂರಲು ಅವಕಾಶ ಕೊಡಿ. ಖಾಸಗಿ ಆಸ್ಪತ್ರೆಗಳೂ ತಮ್ಮಲ್ಲಿ ಅಂಥದ್ದೊಂದು ಏರ್ಪಾಡು ಮಾಡಿಕೊಳ್ಳಲಿ. ಎಲ್ಲವನ್ನೂ ಒಂದೇ ಸಲಕ್ಕೆ ಮಾಡಿ ಎನ್ನುವುದಿಲ್ಲ. ಲಕ್ವಾ ರೋಗಿಗಳಿರುವ ಒಂದು ವಾರ್ಡನ್ನು ಆರಿಸಿಕೊಳ್ಳಿ. ಕೇಸ್‌ಶೀಟಿನಲ್ಲಿ ಹೆಸರು, ಡಿಸ್ಚಾರ್ಜಿಗೆ ಮೊದಲು ಕಲಿಸುವುದು, ಕನ್ನಡದ ಹಾಳೆ, ವಾರದೊಳಗೊಂದು ಫೋನು, ಈ ನಾಲ್ಕನ್ನು ಆರು ತಿಂಗಳು ಮಾಡಿ ನೋಡಿ. ಹಾಸಿಗೆ ಹುಣ್ಣು, ನ್ಯುಮೋನಿಯಾ ಎಂದು ಮರಳಿ ಬರುವವರು ಎಷ್ಟು ಕಡಿಮೆಯಾದರು ಎಂಬುದನ್ನು ನಿಮ್ಮ ರಿಜಿಸ್ಟರುಗಳೇ ತೋರಿಸುತ್ತವೆ. ಈ ಪತ್ರವನ್ನು ಮುಂದಿನ ಸಭೆಯಲ್ಲಿ ಓದಿ ಚರ್ಚಿಸಬೇಕೆಂದು ವಿನಂತಿ. ದಿನಾಂಕ ತಿಳಿಸಿದರೆ ನಾನೂ, ನನ್ನ ಹಾಗೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿರುವ ಇನ್ನೂ ಕೆಲವರೂ ಬಂದು ನಮ್ಮ ಅನುಭವ ಹೇಳಲು ಸಿದ್ಧರಿದ್ದೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ,
ಸವಣೂರು ತಾಲ್ಲೂಕಿನ ಒಬ್ಬ ಸೊಸೆ